ಬಾಯಿ ತುಂಬ ಮೊಳೆ

ಜನವರಿ 18

ತಂಗಿಗೆ,

ನೀನು ಕಳಿಸಿದ ಸಾಮಾನು ಬಂದು ತಲುಪಿದೆ. ಸಾಮಾನು ಅಂದರೆ ನಿನ್ನ ಅತ್ತಿಗೆಗೆ ಸಿಟ್ಟು ಬರುತ್ತದೆ. ಆದರೆ ಪೆಟ್ಟಿಗೆಯೊಳಗೆ ಕೂತು, ನಾಲ್ಕು ಕಡೆ ಚೀಟಿ ಅಂಟಿಸಿಕೊಂಡು, ವಿಮಾನ ನಿಲ್ದಾಣದ ಸರಕಿನ ಕಟ್ಟೆಯಲ್ಲಿ ನನ್ನ ಮೂರು ಸಹಿ ತೆಗೆದುಕೊಂಡು ಬಂದದ್ದನ್ನು ಬೇರೆ ಏನೆಂದು ಕರೆಯಲಿ? ಸದ್ಯಕ್ಕೆ ಪಾರ್ಸೆಲ್ ಎಂದು ಹೆಸರಿಟ್ಟಿದ್ದೇನೆ. ಅದು ತಕರಾರು ಮಾಡಲಿಲ್ಲ.

ಎರಡು ವರ್ಷದಿಂದ ಹೊಸ ವರ್ಷಕ್ಕೊಂದು ಕಾರ್ಡು, ನಾನು ಒಡೆಯದೆ ವಾಪಸ್ ಕಳಿಸಿದ ಒಂದು ಲಕೋಟೆ ಬಿಟ್ಟರೆ ಒಂದು ಗೆರೆ ಬರೆಯದವಳು ನೀನು. ಅಕ್ಟೋಬರ್‌ನಿಂದ ಈಚೆಗೆ ಮೂರು ಕಾಗದ ಬರೆದೆ, ಮೂರರಲ್ಲೂ ನಾಯಿಯೇ. ಅಲ್ಲಿ ಬೀದಿಯಲ್ಲಿ ಸಿಕ್ಕ ಅನಾಥ ನಾಯಿ, ಮೂರು ವರ್ಷ ವಯಸ್ಸು, ನೀನು ಭಾನುವಾರ ಸೇವೆಗೆ ಹೋಗುವ ಆಶ್ರಯದಲ್ಲಿ ಇದೆ, ನಿನಗೊಂದು ನಾಯಿ ಬೇಕಲ್ಲ ಅಣ್ಣಾ ಎಂದು. ನನಗೆ ನಾಯಿ ಬೇಕೆಂದು ನಾನು ಯಾರಿಗೆ ಹೇಳಿದ್ದೆ? ಅಷ್ಟರಲ್ಲಿ ನಿನ್ನ ಅತ್ತಿಗೆ ನನ್ನನ್ನು ಒಂದು ಮಾತು ಕೇಳದೆ ದತ್ತು ಅರ್ಜಿ ತುಂಬಿ ಕಳಿಸಿಬಿಟ್ಟಿದ್ದಳು. ನೀವಿಬ್ಬರು ಒಂದಾದಾಗ ನನಗೆ ಒಳ್ಳೆಯದಾದ ನೆನಪಿಲ್ಲ.

ನಾನು ಸೋಫಾ ಕೆಲಸದವನು. ಹಳೆ ಸೋಫಾ ಅಂಗಡಿಗೆ ತಂದರೆ ಮೇಲಿನ ಬಟ್ಟೆ ನೋಡುವುದಿಲ್ಲ, ತಲೆಕೆಳಗು ಮಾಡಿ ಅಡಿಯ ಬಟ್ಟೆ ಸೀಳಿ ನೋಡುತ್ತೇನೆ. ನಿನ್ನ ನಾಯಿಯನ್ನೂ ಹಾಗೇ ನೋಡಿದೆ. ಪಶುವೈದ್ಯೆ ಅದರ ತುಟಿ ಎತ್ತಿ ಹಲ್ಲು ನೋಡಿ ನಕ್ಕರು. "ಯಾರ್ರೀ ಇದಕ್ಕೆ ಮೂರು ವರ್ಷ ಅಂದೋರು? ಎಂಟಕ್ಕೆ ಕಡಿಮೆ ಇಲ್ಲ" ಅಂದರು. ಕುತ್ತಿಗೆಯ ಸುತ್ತ ಕೂದಲು ಸವೆದು ಉಂಗುರದಂತಾಗಿದೆ, ವರ್ಷಗಟ್ಟಲೆ ಪಟ್ಟಿ ಹಾಕಿದ ಗುರುತು. ಬೀದಿಯವರು ನಾಯಿಗೆ ಪಟ್ಟಿ ಕಟ್ಟಿ, ಉಗುರು ಕತ್ತರಿಸಿ ಸಾಕುತ್ತಾರೋ ನಿಮ್ಮ ದೇಶದಲ್ಲಿ? ಇನ್ನೊಂದು. ನನ್ನ ಪಿನ್ನು ಹೊಡೆಯುವ ಗನ್ನು ಟಪ್ ಎಂದರೆ ಪಕ್ಕದ ಜೆರಾಕ್ಸ್ ಅಂಗಡಿಯವರು ಇವತ್ತಿಗೂ ಬೆಚ್ಚುತ್ತಾರೆ. ಪಾರ್ಸೆಲ್ ಕಿವಿ ಕೂಡ ಅಲ್ಲಾಡಿಸಲಿಲ್ಲ.

ನಿಮ್ಮ ಕರಾರಿನ ನಾಲ್ಕನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇದೆ: ಹೊಂದಿಕೆಯಾಗದಿದ್ದರೆ ಮೂರು ತಿಂಗಳೊಳಗೆ ವಾಪಸ್ ಕಳಿಸಬಹುದು. ಪೆಟ್ಟಿಗೆಯನ್ನು ಒಡೆಯದೆ ಮೂಲೆಯಲ್ಲಿ ಇಟ್ಟಿದ್ದೇನೆ. ಏಪ್ರಿಲ್ ಹದಿನೆಂಟರವರೆಗೆ ಗಡುವು. ಫೋನ್ ಮಾಡಬೇಡ. ಫೋನಿನಲ್ಲಿ ನೀನು ಅಳುತ್ತೀ, ನಾನು ಕೂಗಾಡುತ್ತೇನೆ, ಆಮೇಲೆ ಯಾರು ಏನಂದರು ಎಂಬುದಕ್ಕೆ ಸಾಕ್ಷಿ ಇರುವುದಿಲ್ಲ. ಬರೆ.

ನಿನ್ನ ಅಪ್ಪನ ಸುದ್ದಿ ಎಂದಿನಂತೆ ಬೇಡ.

ನಿನ್ನ ಅಣ್ಣ


ಫೆಬ್ರವರಿ 2

ಅಣ್ಣಾ,

ವಯಸ್ಸಿನ ವಿಷಯ ತಪ್ಪಾಗಿರಬಹುದು, ಒಪ್ಪಿಕೊಳ್ಳುತ್ತೇನೆ. ಆಶ್ರಯದಲ್ಲಿ ನೂರಾರು ನಾಯಿ, ಫಾರಂ ತುಂಬುವವರು ನಮ್ಮಂಥ ಭಾನುವಾರದವರು. ನಾನು ವಾರವೆಲ್ಲ ಕನ್ನಡಕದಂಗಡಿಯಲ್ಲಿ ಕೂತು ಜನರ ಕಣ್ಣಿಗೆ ನಂಬರು ಬರೆಯುತ್ತೇನೆ, ಒಂದು ನಂಬರು ಅತ್ತಿತ್ತ ಆಗಬಾರದೇ? ಪಟ್ಟಿಯ ಗುರುತು ಆಶ್ರಯದ ಪಟ್ಟಿಯದೇ ಇರಬೇಕು.

ನಿನಗೆ ನಾಯಿಯ ಮೇಲೆ ಅನುಮಾನವೋ ನನ್ನ ಮೇಲೋ? ನನ್ನ ಮೇಲಾದರೆ ನನ್ನನ್ನು ಬೈಯಿ. ಅದನ್ನು ಬೈಯಬೇಡ. ಈ ವಯಸ್ಸಿನ ನಾಯಿ ವಾಪಸ್ ಬಂದರೆ ಇಲ್ಲಿ ಇನ್ನೊಬ್ಬರು ಕರೆದುಕೊಂಡು ಹೋಗುವುದಿಲ್ಲ. ಸಾಯುವವರೆಗೆ ಪಂಜರವೇ. ಇದನ್ನು ಹೆದರಿಸಲು ಬರೆಯುತ್ತಿಲ್ಲ, ನೋಡಿದ್ದೇನೆ.

ರಾತ್ರಿ ಅದನ್ನು ಅಂಗಡಿಯಲ್ಲಿ ಒಂಟಿಯಾಗಿ ಬಿಡಬೇಡ. ಹಿಂಗಾಲಿಗೆ ಚಳಿ ತಡೆಯುವುದಿಲ್ಲ, ಫೋಮ್ ತುಂಡೊಂದು ಹಾಸು. ಗೋಂದಿನ ಡಬ್ಬಿ ಮುಚ್ಚಿಡು, ಆ ವಾಸನೆಗೆ ಅದಕ್ಕೆ ಸೀನು ಬರುತ್ತದೆ.

ಅತ್ತಿಗೆಗೆ ನಮಸ್ಕಾರ. ಪಾರ್ಸೆಲ್ ಎಂಬ ಹೆಸರು ಚೆನ್ನಾಗಿದೆ. ನಗು ಬಂತು.

ನಿನ್ನ ತಂಗಿ


ಫೆಬ್ರವರಿ 15

ತಂಗಿಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ತಂಗಿ ಬರೆದದ್ದೆಂದು, ಎರಡನೇ ಸಲ ಬೇರೆ ಯಾರೋ ಬರೆದದ್ದೆಂದು. ಎರಡನೇ ಸಲವೇ ಲಾಭವಾಯಿತು.

ಗೋಂದಿನ ವಾಸನೆಗೆ ಸೀನು ಬರುತ್ತದೆ. ನಿಜ, ಬರುತ್ತದೆ. ಬೆಳಿಗ್ಗೆ ಡಬ್ಬಿ ತೆರೆದು ನೋಡಿದೆ, ಏಳು ಸಲ ಸೀನಿತು. ಈಗ ಹೇಳು, ಬೀದಿಯಲ್ಲಿ ಸಿಕ್ಕಿ ಪಂಜರದಲ್ಲಿ ಬೆಳೆದ ನಾಯಿಗೆ ಗೋಂದಿನ ಡಬ್ಬಿ ಎಲ್ಲಿಂದ ಬಂತು? ನಿಮ್ಮ ಆಶ್ರಯದಲ್ಲಿ ನಾಯಿಗಳಿಗೆ ಸೋಫಾ ಕೆಲಸ ಕಲಿಸುತ್ತೀರೋ?

ನನ್ನ ಲೆಕ್ಕ ಹೀಗಿದೆ. ಈ ನಾಯಿಗೆ ಮನೆ ಇತ್ತು. ಮನೆಯಲ್ಲಿ ಯಜಮಾನನಿದ್ದ. ಅವನಿಗೆ ಗೊತ್ತಿಲ್ಲದೆ ಯಾರೋ ಇದನ್ನು ಎತ್ತಿ, ವಯಸ್ಸು ತಿದ್ದಿ, ದೇಶ ದಾಟಿಸಿದ್ದಾರೆ. ಆ ಕೆಲಸದಲ್ಲಿ ನೀನೂ ಇದ್ದೀಯೋ ಅಥವಾ ನಿನ್ನನ್ನೂ ಯಾಮಾರಿಸಿದ್ದಾರೋ, ಅದಷ್ಟೇ ನನಗೆ ಬಗೆಹರಿದಿಲ್ಲ. ನಾಳೆ ಯಾರೋ ನನ್ನ ಅಂಗಡಿ ಬಾಗಿಲಿಗೆ ಬಂದು "ನಮ್ಮ ನಾಯಿ ಕೊಡ್ರೀ" ಎಂದರೆ ನಾನು ಏನು ಹೇಳಲಿ? ಇಪ್ಪತ್ತೆರಡು ವರ್ಷದಿಂದ ಈ ಬೀದಿಯಲ್ಲಿ ಕದ್ದ ಮಾಲು ಮುಟ್ಟಿದವನೆಂದು ಯಾರಿಂದಲೂ ಅನ್ನಿಸಿಕೊಂಡಿಲ್ಲ.

ಇದನ್ನು ನಿನ್ನ ಅತ್ತಿಗೆಗೆ ಹೇಳಿದೆ. ಅವಳು ಅದರ ಹೊಟ್ಟೆ ಕೆರೆಯುತ್ತಾ ಕೂತಿದ್ದಳು. "ನೀವು ನನ್ನನ್ನ ನೋಡೋಕೆ ಬಂದಾಗ್ಲೂ ಹೀಗೇ ತಿರುಗಿಸಿ ಮುರುಗಿಸಿ ನೋಡಿದ್ರಿ. ಆಮೇಲೆ ಏನು ವಾಪಸ್ ಕಳಿಸಿದ್ರಾ?" ಅಂದಳು. ಇಂಥವಳೊಂದಿಗೆ ತನಿಖೆ ನಡೆಸುವುದು ಹೇಗೆ?

ಇನ್ನೊಂದು ಬರೆದಿಡುತ್ತೇನೆ. ಅದು ಅಂಗಡಿಯಲ್ಲಿ ನಡೆಯುವಾಗ ನೆಲ ನೋಡಿಕೊಂಡು, ಒಂದೊಂದೇ ಕಾಲು ಎತ್ತಿ ನಡೆಯುತ್ತದೆ. ಬೀದಿಗೆ ಬಂದರೆ ಎಲ್ಲ ನಾಯಿಗಳ ಹಾಗೆ ಓಡುತ್ತದೆ. ಅಂಗಡಿಯ ಒಳಗೆ ಮಾತ್ರ ಹಾಗೆ.

ಉತ್ತರ ಬರೆ. ನಿಜ ಬರೆ.

ನಿನ್ನ ಅಣ್ಣ


ಮಾರ್ಚ್ 1

ಅಣ್ಣಾ,

ಆಶ್ರಯದ ಹತ್ತಿರ ಒಬ್ಬ ಬಡಗಿಯ ಅಂಗಡಿ ಇದೆ. ಗೋಂದಿನ ವಾಸನೆ ಅಲ್ಲಿಂದ ಬರುತ್ತಿತ್ತು. ಅಷ್ಟೇ.

ನಾಯಿ ಕದ್ದದ್ದಲ್ಲ. ನಿನ್ನ ತಲೆ ಮುಟ್ಟಿ ಹೇಳುತ್ತೇನೆ, ಯಾರೂ ಕೇಳಿಕೊಂಡು ಬರುವುದಿಲ್ಲ. ಕೇಳುವ ಸ್ಥಿತಿಯಲ್ಲಿ ಯಾರೂ ಇಲ್ಲ.

ಅಂಗಡಿಯಲ್ಲಿ ಕೆಲಸ ಜಾಸ್ತಿ, ಕಾಗದ ಚಿಕ್ಕದಾಯಿತು.

ತಂಗಿ


ಮಾರ್ಚ್ 12

ತಂಗಿಗೆ,

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಕೊನೆಯಲ್ಲಿ ಒಂದು ಪ್ರಶ್ನೆ ಇದೆ, ಅದಕ್ಕೆ ಮಾತ್ರ ಉತ್ತರ ಬರೆ.

ಹೋದ ವಾರ ಒಬ್ಬರು ನಿವೃತ್ತ ಹೆಡ್ ಮೇಡಂ ಕೈಯಿರುವ ಹಳೆ ಕುರ್ಚಿಯೊಂದನ್ನು ತಂದರು. ಅವರ ಅಮ್ಮನದಂತೆ. "ಪಿನ್ನು ಹೊಡೆದ್ರೆ ನನಗೆ ಗೊತ್ತಾಗುತ್ತೆ. ಮೊಳೇಲೇ ಮಾಡ್ಬೇಕು. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ, ನಾನು ಬೇರೆಯವರನ್ನ ನೋಡ್ಕೋತೀನಿ" ಅಂದರು. ನನಗೆ ಆಗಲ್ಲ ಎಂದು ಯಾರಾದರೂ ಎದುರಿಗೆ ನಿಂತು ಹೇಳಿದರೆ ನಾನು ಆ ಕೆಲಸವನ್ನು ಒಪ್ಪಿಕೊಂಡುಬಿಡುತ್ತೇನೆ, ಅದು ನನ್ನ ರೋಗ.

ಹಾಗಾಗಿ ಒಂಬತ್ತು ವರ್ಷದ ಮೇಲೆ ಬಾಯಿ ತುಂಬ ಮೊಳೆ ಹಾಕಿಕೊಂಡೆ. ನಿನಗೆ ಈ ಕೆಲಸ ಗೊತ್ತಿಲ್ಲ. ಹೆಣ್ಣುಮಗು ಮೊಳೆ ನುಂಗೀತು ಎಂದು ನಿನ್ನ ಅಪ್ಪ ನಿನ್ನನ್ನು ಕೆಲಸದ ಮೇಜಿನ ಹಲಗೆಯ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಸಣ್ಣ ಮೊಳೆ ಮೂವತ್ತು ನಲವತ್ತು ಕೆನ್ನೆಯೊಳಗೆ ಇಟ್ಟುಕೊಂಡು, ನಾಲಿಗೆಯಲ್ಲಿ ಒಂದೊಂದನ್ನೇ ತಿರುಗಿಸಿ ತುಟಿಗೆ ತರಬೇಕು. ಅಯಸ್ಕಾಂತದ ಸುತ್ತಿಗೆ ಅದನ್ನು ಹಿಡಿದುಕೊಳ್ಳುತ್ತದೆ, ಹೊಡೆಯಬೇಕು. ಬಾಯಲ್ಲಿ ಮೊಳೆ, ಬಲಗೈಯಲ್ಲಿ ಸುತ್ತಿಗೆ. ಮಾತಾಡುವುದಕ್ಕೆ ಉಳಿಯುವುದು ಎಡಗೈ ಒಂದೇ. ಅದಕ್ಕೆ ನಿನ್ನ ಅಪ್ಪ ಎಡಗೈಯಲ್ಲಿ ಸನ್ನೆ ಕಟ್ಟಿಕೊಂಡಿದ್ದರು. ಇದು ಬೇರೆ ಯಾವ ಅಂಗಡಿಯಲ್ಲೂ ಇರಲಿಲ್ಲ. ಆ ಭಾಷೆ ಬರುತ್ತಿದ್ದದ್ದು ಇಬ್ಬರಿಗೆ: ಅವರಿಗೆ, ನನಗೆ.

ಕುರ್ಚಿಯ ಮುಂದಿನ ಅಂಚು ಹೊಡೆಯುತ್ತಿದ್ದೆ. ಎರಡು ಮೊಳೆ ನೆಲಕ್ಕೆ ಬಿತ್ತು. ಹಳೆ ಅಭ್ಯಾಸ, ಕೈ ತಾನಾಗಿ ಹೋಯಿತು. ಎಡ ಅಂಗೈ ಕೆಳಮುಖ ಮಾಡಿ ಗಾಳಿಯನ್ನು ಒಮ್ಮೆ ಒತ್ತಿದೆ. ನೆಲದಲ್ಲಿ ಮೊಳೆ ಇದೆ, ಇದ್ದಲ್ಲೇ ನಿಲ್ಲು ಎಂದು ಅರ್ಥ. ಯಾರಿಗೂ ಮಾಡಿದ್ದಲ್ಲ, ಅಂಗಡಿಯಲ್ಲಿ ಬೇರೆ ಜನ ಇರಲಿಲ್ಲ.

ಪಾರ್ಸೆಲ್ ನನ್ನ ಕಡೆ ಬರುತ್ತಿತ್ತು. ನಿಂತುಬಿಟ್ಟಿತು. ಎತ್ತಿದ ಮುಂಗಾಲನ್ನು ಕೆಳಗೆ ಇಡಲಿಲ್ಲ. ಮೂರು ಕಾಲಿನಲ್ಲಿ ನಿಂತು ನನ್ನ ಎಡಗೈಯನ್ನೇ ನೋಡುತ್ತಿತ್ತು.

ಮೊಳೆಗಳನ್ನು ಉಗುಳಿ ಹೆಕ್ಕಿದೆ. ಕಿರುಬೆರಳು ಅಲ್ಲಾಡಿಸಿದೆ, ಆಯಿತು, ಇನ್ನು ಓಡಾಡಬಹುದು ಎಂದು. ಕಾಲು ಕೆಳಗಿಟ್ಟಿತು. ತೋರುಬೆರಳನ್ನು ಕೊಕ್ಕೆ ಮಾಡಿ ತೋರಿಸಿದೆ, ಸೀಟಿನ ಅಡಿಗೆ ಬಿಗಿಯುವ ಪಟ್ಟಿ ತಾ ಎಂದು. ಹೋಗಿ ಪಟ್ಟಿಯ ಸುರುಳಿಯನ್ನು ಬಾಯಲ್ಲಿ ಕಚ್ಚಿಕೊಂಡು ಬಂದು ನನ್ನ ಕಾಲ ಬಳಿ ಹಾಕಿತು. ಒಂದು ಸಲ ಆದದ್ದನ್ನು ನಾನು ನಂಬುವವನಲ್ಲ. ಮಧ್ಯಾಹ್ನ ಮತ್ತೆ ಮಾಡಿದೆ, ಸಂಜೆ ಮತ್ತೆ. ಆರ್ಡರ್ ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದೇನೆ. ಒಂಬತ್ತಕ್ಕೆ ಒಂಬತ್ತೂ ಸರಿ.

ಆಶ್ರಯದ ಪಕ್ಕದ ಬಡಗಿಯ ಹೆಸರು ಹೇಳಬೇಡ.

ನಿನ್ನ ಜೊತೆಗಿರುವ ಅಪ್ಪ ಈ ನಾಯಿಯನ್ನು ಕೈಬಿಡುವ ಮನುಷ್ಯನಲ್ಲ. ಕೈಬಿಟ್ಟಿದ್ದಾರೆ. "ಕೇಳುವ ಸ್ಥಿತಿಯಲ್ಲಿ ಯಾರೂ ಇಲ್ಲ" ಎಂದು ನೀನು ಬರೆದಿದ್ದೀ. ಪ್ರಶ್ನೆ ಇದು: ಇದ್ದಾರೋ, ಇಲ್ಲವೋ?

ಅಣ್ಣ


ಮಾರ್ಚ್ 26

ಅಣ್ಣಾ,

ಇದ್ದಾರೆ.

ಕಳೆದ ಆಗಸ್ಟ್‌ನಲ್ಲಿ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ಪೂರ್ತಿ ಹೋಯಿತು. ಕಣ್ಣಲ್ಲಿ ಗುರುತು ಇದೆ, ನಾವು ಹೇಳುವುದೆಲ್ಲ ಗೊತ್ತಾಗುತ್ತದೆ. ತಾವು ಹೇಳಬೇಕಾದ್ದು ಬಾಯಿಗೂ ಬರುವುದಿಲ್ಲ, ಬರೆಯುವುದಕ್ಕೂ ಬರುವುದಿಲ್ಲ. ಎರಡು ತಿಂಗಳು ಮನೆಯಲ್ಲಿ ಇಟ್ಟುಕೊಂಡೆ. ಎರಡು ಸಲ ನನ್ನ ಕೈಯಿಂದ ಜಾರಿ ಬಿದ್ದರು. ಆಮೇಲೆ ಆರೈಕೆ ಮನೆಗೆ ಸೇರಿಸಿದೆ. ಅಲ್ಲಿ ನಾಯಿಗೆ ಪ್ರವೇಶ ಇಲ್ಲ.

ನಾಯಿ ಆಶ್ರಯದ್ದೇ, ಅದು ಸುಳ್ಳಲ್ಲ. ಏಳು ವರ್ಷದ ಹಿಂದೆ ಅಪ್ಪನೇ ಅಲ್ಲಿಂದ ತಂದದ್ದು. ನನ್ನ ಕಾರು ನಿಲ್ಲಿಸುವ ಜಾಗದಲ್ಲಿ ಹಲಗೆ ಹಾಕಿಕೊಂಡು ಒಬ್ಬರೇ ಕುರ್ಚಿ ರಿಪೇರಿ ಮಾಡುತ್ತಿದ್ದರು. ನಾಯಿ ಜೊತೆಗೆ. ಸಂಜೆ ನಾನು ಬಂದಾಗ ಕೈ ಆಡಿಸುತ್ತಿರುವುದನ್ನು ನೋಡಿದ್ದೇನೆ, ಏನೋ ಆಟ ಎಂದುಕೊಂಡಿದ್ದೆ. ಅವರು ಆರೈಕೆ ಮನೆಗೆ ಹೋದ ಮೇಲೆ ನಾಯಿ ಹತ್ತು ದಿನ ಹಲಗೆಯ ಕೆಳಗಿಂದ ಏಳಲಿಲ್ಲ. ನಾನು ಬೆಳಿಗ್ಗೆ ಹೋದರೆ ಸಂಜೆ ಬರುವವಳು. ಮತ್ತೆ ಆಶ್ರಯಕ್ಕೇ ಬಿಡಬೇಕಾಯಿತು. ಆಮೇಲೆ ಅಂಥ ಹಲಗೆ ಇರುವ ಅಂಗಡಿ ಇನ್ನೊಂದು ಎಲ್ಲಿದೆ ಎಂದು ಯೋಚಿಸಿದೆ.

ಎಂಟು ವರ್ಷ ಎಂದು ಬರೆದಿದ್ದರೆ ನೀನು ಒಪ್ಪುತ್ತಿರಲಿಲ್ಲ. ಅಪ್ಪನ ನಾಯಿ ಎಂದಿದ್ದರೆ ಪೆಟ್ಟಿಗೆಯ ಬಾಗಿಲನ್ನೂ ತೆಗೆಯುತ್ತಿರಲಿಲ್ಲ. ಅಪ್ಪನ ಸುದ್ದಿ ಬರೆದರೆ ಕಾಗದ ವಾಪಸ್ ಬರುತ್ತದೆ ಎಂದವನು ನೀನೇ. ಸೆಪ್ಟೆಂಬರ್‌ನಲ್ಲಿ ದಪ್ಪ ಲಕೋಟೆ ಕಳಿಸಿದ್ದೆ, ಒಡೆಯದೆ ವಾಪಸ್ ಬಂತು. ಅದರಲ್ಲಿ ಲಕ್ವದ ಸುದ್ದಿ ಬರೆದಿತ್ತು. ಅತ್ತಿಗೆಗೆ ನವೆಂಬರ್‌ನಲ್ಲೇ ಗೊತ್ತು. ಅವಳನ್ನು ಬೈಯಬೇಡ, ಹೇಳಬೇಡ ಎಂದು ಬೇಡಿಕೊಂಡವಳು ನಾನು.

ತಂಗಿ


ಏಪ್ರಿಲ್ 8

ತಂಗಿಗೆ,

ಮೋಸ ಮಾಡಿದ್ದೀರಿ, ಇಬ್ಬರೂ ಸೇರಿ. ಅಚ್ಚುಕಟ್ಟಾಗಿ ಮಾಡಿದ್ದೀರಿ, ಅದನ್ನೂ ಹೇಳಬೇಕು. ಗೋಂದು ಒಂದನ್ನು ಬಿಟ್ಟರೆ ಹೊಲಿಗೆ ಎಲ್ಲೂ ಬಿಟ್ಟಿರಲಿಲ್ಲ.

ಗಡುವಿಗೆ ಹತ್ತು ದಿನ ಇದೆ. ಪೆಟ್ಟಿಗೆ ಮೂಲೆಯಲ್ಲೇ ಇದೆ. ಈ ನಾಯಿಯನ್ನು ದಿನವಿಡೀ ಕಣ್ಣೆದುರು ಇಟ್ಟುಕೊಂಡು ಕೆಲಸ ಮಾಡುವುದು ಸುಲಭ ಎಂದು ಭಾವಿಸಬೇಡ. ನಾನು ಗನ್ನು ಎತ್ತಿದರೆ ಮುಖ ತಿರುಗಿಸಿ ಮಲಗುತ್ತದೆ. ಸುತ್ತಿಗೆ ಎತ್ತಿದರೆ ಎದ್ದು ಕೂರುತ್ತದೆ. ಇದು ನನ್ನ ಭ್ರಮೆ ಎಂದು ನಿನ್ನ ಅತ್ತಿಗೆ ಹೇಳುತ್ತಾಳೆ. ಅವಳ ಮಾತನ್ನು ನಂಬುವ ಕಾಲ ಮುಗಿದಿದೆ.

ಇಷ್ಟೆಲ್ಲ ತನಿಖೆ ಮಾಡಿದವನು ನನ್ನ ಕಡೆಯ ಅಡಿಬಟ್ಟೆಯನ್ನೂ ಒಮ್ಮೆ ಸೀಳಬೇಕು. ನಾನು ಗನ್ನು ಕೊಂಡು ತಂದೆ, ಅಪ್ಪ ಮುನಿಸಿಕೊಂಡು ನಿನ್ನ ಬಳಿ ಹೊರಟುಹೋದರು. ನಿನಗೆ ಗೊತ್ತಿರುವ ಕಥೆ ಇದು, ಇದನ್ನು ಹೇಳಿದವನು ನಾನು. ಅವರು ಏನು ಹೇಳಿದರೋ ತಿಳಿಯದು. ನಡೆದದ್ದು ಇದು. ಗನ್ನಿಗೆ ಗಾಳಿಯ ಯಂತ್ರ ಬೇಕು, ಯಂತ್ರಕ್ಕೆ ಜಾಗ ಬೇಕು. ಅವರು ಬೆಳಿಗ್ಗೆ ಕ್ಷೌರಕ್ಕೆ ಹೋಗಿದ್ದಾಗ ಅವರ ಹಲಗೆಯನ್ನು ಎತ್ತಿ ಹೊರಗೆ, ಫುಟ್‌ಪಾತಿನ ಮೇಲೆ ಇಟ್ಟೆ. ಬಂದರು. ನೋಡಿದರು. ಗಿರಾಕಿಗಳು ಇಬ್ಬರು ಕೂತಿದ್ದರು. ನಾನು, "ಇನ್ಮೇಲೆ ನೀವು ಗಲ್ಲಾ ಹತ್ರ ಕೂತ್ಕೊಳ್ಳಿ ಅಪ್ಪ, ನಿಮ್ಮ ಕೈ ನಿಧಾನ" ಅಂದೆ. ಅವರು ಫುಟ್‌ಪಾತಿನಲ್ಲೇ ನಿಂತು ಹಲಗೆಯ ಡ್ರಾಯರ್ ಎಳೆದು, ಸುತ್ತಿಗೆ ತೆಗೆದುಕೊಂಡು ಹೋದರು.

ಅವರು ಬೈದಿದ್ದರೆ ನಾನು ಈ ಒಂಬತ್ತು ವರ್ಷ ಇಷ್ಟು ಗಟ್ಟಿಯಾಗಿ ಸಿಟ್ಟು ಹಿಡಿದುಕೊಂಡಿರುತ್ತಿರಲಿಲ್ಲ.

ಈ ಕಾಗದವನ್ನು ಅವರಿಗೆ ಓದಿ ಹೇಳಬೇಡ.

ಅಣ್ಣ


ಏಪ್ರಿಲ್ 24

ಅಣ್ಣಾ,

ಹದಿನೆಂಟು ದಾಟಿತು. ವಿಮಾನದವರಿಂದ ಫೋನ್ ಬರಲಿಲ್ಲ, ಪೆಟ್ಟಿಗೆಯೂ ಬರಲಿಲ್ಲ. ನೀನು ಹೇಳುವುದಿಲ್ಲ ಎಂದು ಗೊತ್ತು, ನಾನೂ ಕೇಳುವುದಿಲ್ಲ.

ಒಂದು ವಿಷಯ ಬರೆಯಲೋ ಬೇಡವೋ ಎಂದು ವಾರದಿಂದ ಯೋಚಿಸುತ್ತಿದ್ದೇನೆ. ಅಪ್ಪನಿಗೆ ಬಲ ಭುಜ ನೋಯುತ್ತಿದೆ. ಚಳಿಗಾಲದಿಂದಲೂ ಇದೆ. ಎಡಗೈ ಮುಷ್ಟಿ ಮಾಡಿ ಬಲ ಭುಜದ ಮೇಲೆ ಇಡುತ್ತಾರೆ, ಆಮೇಲೆ ಮುಷ್ಟಿ ಬಿಚ್ಚಿ ಕೈಯನ್ನು ಮುಂದಕ್ಕೆ ಚಾಚುತ್ತಾರೆ. ನಮ್ಮ ಮುಖ ನೋಡುತ್ತಾರೆ. ಮತ್ತೆ ಮಾಡುತ್ತಾರೆ. ದಿನಕ್ಕೆ ಇಪ್ಪತ್ತು ಸಲವಾದರೂ. ಲಕ್ವ ಆದವರಿಗೆ ಆ ಕಡೆಯ ಭುಜ ಹಿಡಿದುಕೊಳ್ಳುವುದು ಸಾಮಾನ್ಯ ಎಂದು ಡಾಕ್ಟರು ಎಕ್ಸ್‌ರೇ ತೆಗೆಸಿದರು. ಏನೂ ಕಾಣಲಿಲ್ಲ. ನರ್ಸಮ್ಮ ದಿನಾ ಎರಡು ಹೊತ್ತು ಮುಲಾಮು ತಿಕ್ಕುತ್ತಾರೆ. ತಿಕ್ಕುವಾಗ ಅಪ್ಪ ಕಣ್ಣು ಮುಚ್ಚಿಕೊಂಡು ತಲೆ ಅಲ್ಲಾಡಿಸುತ್ತಾರೆ. "ನೋವು ಜಾಸ್ತಿ ಇರ್ಬೇಕು, ಪಾಪ, ಹೇಳೋಕೆ ಬಾಯಿಲ್ಲ" ಎನ್ನುತ್ತಾರೆ ನರ್ಸಮ್ಮ.

ನೀನು ಸನ್ನೆಯ ವಿಷಯ ಬರೆದ ಮೇಲೆ ನನಗೆ ಅನುಮಾನ. ಇದು ನೋವೇ, ಅಥವಾ ಬೇರೆ ಏನಾದರೂ ಇದೆಯೇ?

ತಂಗಿ


ಮೇ 6

ತಂಗಿಗೆ,

ನಿನ್ನ ಕಾಗದ ಬಂದ ದಿನ ನನಗೆ ಬಂದ ಮೊದಲ ಯೋಚನೆ ಒಳ್ಳೆಯದಲ್ಲ. ನಾಯಿಯ ಹೆಸರಲ್ಲಿ ಒಂದು ಸಲ ಆಡಿಸಿದ್ದಾಳೆ, ಈಗ ಸನ್ನೆಯ ಹೆಸರಲ್ಲಿ ಇನ್ನೊಂದು ಸಲ ಎಂದುಕೊಂಡೆ. ಹಾಗಾಗಿ ಪರೀಕ್ಷೆ ಮಾಡಿದೆ.

ನಿನಗೆ ಈ ಸನ್ನೆ ಯಾರಿಂದ ಗೊತ್ತಾಗಬಹುದು? ನನ್ನಿಂದಲ್ಲ, ಹಿಂದಿನ ಕಾಗದಗಳಲ್ಲಿ ನಾನು ಇದನ್ನು ಬರೆದಿರಲಿಲ್ಲ. ನಾನಿಟ್ಟುಕೊಂಡ ನಕಲು ತೆಗೆದು ನೋಡಿದೆ, ಇಲ್ಲ. ನಿನ್ನ ಅತ್ತಿಗೆಯಿಂದಲ್ಲ, ಅವಳು ಅಂಗಡಿಗೆ ಕಾಲಿಟ್ಟದ್ದೇ ಗನ್ನು ಬಂದ ಮೇಲೆ. ಉಳಿದದ್ದು ನಾಯಿ. ಅಪ್ಪ ಅದಕ್ಕೆ ಮಾಡುತ್ತಿದ್ದದ್ದನ್ನು ನೀನು ನೋಡಿರಬಹುದು. ಅಂಗಡಿಯ ಬಾಗಿಲು ಹಾಕಿ ಪಾರ್ಸೆಲ್‌ನ ಎದುರು ಕೂತು ನೀನು ಬರೆದ ಹಾಗೆಯೇ ಮಾಡಿದೆ. ಎಡ ಮುಷ್ಟಿ ಬಲ ಭುಜಕ್ಕೆ, ಆಮೇಲೆ ಬಿಚ್ಚಿ ಮುಂದಕ್ಕೆ. ಅದು ತಲೆ ಓರೆ ಮಾಡಿ ನೋಡಿತು. ಮತ್ತೆ ಮಾಡಿದೆ. ಎದ್ದು ಬಂದು ನನ್ನ ಕೈ ಮೂಸಿತು. ಹತ್ತು ಸಲ ಮಾಡಿದೆ. ಹತ್ತಕ್ಕೆ ಸೊನ್ನೆ. ಅದಕ್ಕೆ ಆ ಸನ್ನೆ ಗೊತ್ತಿಲ್ಲ. ಏಳು ವರ್ಷದಲ್ಲಿ ಅವರು ಅದಕ್ಕೆ ಅದೊಂದನ್ನು ಕಲಿಸಿಲ್ಲ.

ಕಲಿಸುವಂತೆಯೂ ಇರಲಿಲ್ಲ. ದೊಡ್ಡ ಸೋಫಾಕ್ಕೆ ಚರ್ಮ ಹೊದಿಸುವಾಗ ಒಬ್ಬನಿಂದ ಆಗುವುದಿಲ್ಲ. ಈ ಕಡೆ ಒಬ್ಬ ಮೊಳೆ ಹೊಡೆಯಬೇಕು, ಎದುರು ಕಡೆ ಇನ್ನೊಬ್ಬ ನಿಂತು ಅಂಚನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಒಂದು ಕೂದಲೆಳೆ ಸಡಿಲ ಬಿಟ್ಟರೂ ಚರ್ಮ ಸುಕ್ಕಾಗುತ್ತದೆ. ಮುಷ್ಟಿ ಭುಜಕ್ಕೆ ಇಟ್ಟು ಕೈ ಮುಂದಕ್ಕೆ ಚಾಚಿದರೆ, ಎದುರಿಗೆ ಬಂದು ಆ ತುದಿ ಹಿಡಿ ಎಂದು ಅರ್ಥ. ನನಗೆ ಹನ್ನೆರಡು ವರ್ಷ ಆದಾಗಿನಿಂದ ಆ ಸನ್ನೆಗೆ ಎದ್ದು ಹೋಗಿ ನಿಲ್ಲುತ್ತಿದ್ದವನು ನಾನೊಬ್ಬನೇ. ನಿನ್ನ ಕಾರಿನ ಜಾಗದಲ್ಲಿ ಅವರು ಯಾಕೆ ಕುರ್ಚಿ ಮಾತ್ರ ಮಾಡಿದರು, ಒಂದೂ ಸೋಫಾ ಮಾಡಲಿಲ್ಲ ಎಂದು ನೀನು ಯಾವತ್ತಾದರೂ ಕೇಳಿದ್ದೀಯಾ?

ಮುಲಾಮು ತಿಕ್ಕುವುದನ್ನು ಇವತ್ತೇ ನಿಲ್ಲಿಸಲು ಹೇಳು. ಅವರ ಭುಜಕ್ಕೆ ಏನೂ ಆಗಿಲ್ಲ.

ಉಳಿದ ಸನ್ನೆಗಳನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ, ಹದಿನೇಳು ಇವೆ. ಕಿರುಬೆರಳು ಅಲ್ಲಾಡಿಸಿದರೆ ಆಯಿತು, ಸಾಕು ಎಂದು. ಹೆಬ್ಬೆರಳು ಮತ್ತು ತೋರುಬೆರಳು ಉಜ್ಜಿದರೆ ನೀರು. ಮಣಿಕಟ್ಟು ತಿರುಗಿಸಿದರೆ ಬಿಚ್ಚಿ ಮತ್ತೆ ಮಾಡು ಎಂದು. ಅವರು ಇದನ್ನು ನರ್ಸಮ್ಮನಿಗೆ ದಿನಾ ಮಾಡುತ್ತಿದ್ದರೆ, ಹಾಸಿಗೆಯ ಬಟ್ಟೆ ಹಾಸಿದ್ದು ಸರಿಯಾಗಿಲ್ಲ ಎಂದೇ ಇರಬೇಕು. ಹಾಳೆಯನ್ನು ಅವರ ಮಂಚದ ಪಕ್ಕದ ಗೋಡೆಗೆ ಅಂಟಿಸು.

ಭುಜದ ಸನ್ನೆಯನ್ನು ಆ ಹಾಳೆಯಲ್ಲಿ ಬರೆದಿಲ್ಲ. ಅದು ನರ್ಸಮ್ಮನಿಗೆ ಬೇಡ.

ಹದಿನೇಳನೇ ತಾರೀಕು ಬೆಳಿಗ್ಗೆ ಬಂದು ಇಳಿಯುತ್ತೇನೆ. ಪಾರ್ಸೆಲ್ ನಿನ್ನ ಅತ್ತಿಗೆಯ ಹತ್ತಿರ ಇರುತ್ತದೆ. ಇಬ್ಬರೂ ಸೇರಿ ನನ್ನ ಹಿಂದೆ ಇನ್ನೇನು ಮಾಡುತ್ತಾರೋ. ನಾನು ಬರುವ ವಿಷಯ ಅಪ್ಪನಿಗೆ ಹೇಳಬೇಡ, ಕಾಯುತ್ತಾ ಕೂರುತ್ತಾರೆ. ನೇರವಾಗಿ ಅವರ ಕೋಣೆಗೆ ಬರುತ್ತೇನೆ. ನೀನು ಆಗ ಮಂಚದ ಎದುರು ನಿಂತಿದ್ದರೆ ಸ್ವಲ್ಪ ಪಕ್ಕಕ್ಕೆ ಸರಿ. ಆ ಜಾಗ ಖಾಲಿ ಇರಲಿ.

ಅಣ್ಣ